ಸ್ಟ್ರಾಲರ್‌ಗೆ ದುಡ್ಡಿಲ್ಲ, ಅದರೊಳಗೆ ತುರುಕಿದ ಡೈಪರ್‌ಗೆ ಇದೆ

ನನ್ನ ಮಗಳಿಗೆ ಆಗ 14 ತಿಂಗಳು. ನಾವಿಬ್ಬರೇ ವಿಮಾನದಲ್ಲಿ ಹೊರಟಿದ್ದೆವು. ಸ್ಟ್ರಾಲರ್, ಅಂದರೆ ಅವಳನ್ನು ಕೂರಿಸಿ ತಳ್ಳುವ ಗಾಡಿ, ಕೊಳೆಯಾಗಬಾರದು ಅಂತ ಅದಕ್ಕೊಂದು ದೊಡ್ಡ ಕವರ್ ಬ್ಯಾಗ್ ಕೊಂಡಿದ್ದೆ. ಮಡಚಿ ಒಳಗಿಟ್ಟ ಮೇಲೂ ಸುತ್ತ ಜಾಗ ಉಳಿಯಿತು. ಸುಮ್ನೆ ಯಾಕೆ ಖಾಲಿ ಬಿಡೋದು ಅಂತ ಎರಡು ಪ್ಯಾಕ್ ಡೈಪರ್, ಒಂದು ಹೊದಿಕೆ, ಅವಳ ಸ್ವೆಟರ್‌ಗಳು, ನನ್ನ ಒಂದು ಜೊತೆ ಶೂ ಎಲ್ಲಾ ತುಂಬಿದೆ.

ವಿಮಾನ ನಿಲ್ದಾಣದ ಚೆಕ್‌ಇನ್ ಕೌಂಟರ್‌ನಲ್ಲಿದ್ದ ಹುಡುಗಿ ಬ್ಯಾಗನ್ನು ಒಮ್ಮೆ ಕೈಯಿಂದ ಒತ್ತಿ ನೋಡಿದಳು. ಮೆತ್ತಗಿತ್ತು. ಜಿಪ್ ತೆಗೆಯಲು ಹೇಳಿದಳು. ಡೈಪರ್ ಕಾಣಿಸಿದ ತಕ್ಷಣ, "ಇದು ಸ್ಟ್ರಾಲರ್ ಅಲ್ಲ ಮೇಡಂ, ಲಗೇಜ್" ಅಂದಳು. ನನ್ನ ಟಿಕೆಟ್‌ನಲ್ಲಿ ಒಂದೇ ಬ್ಯಾಗ್‌ಗೆ ಅವಕಾಶವಿತ್ತು. ಹಿಂದೆ ಉದ್ದ ಸಾಲು, ಸೊಂಟದ ಮೇಲೆ ಅಳುತ್ತಿರುವ ಮಗು. ಅಲ್ಲಿ ಕೂತು ಸಾಮಾನು ಹೊರಗೆ ತೆಗೆಯುವ ಸ್ಥಿತಿಯಲ್ಲಿ ನಾನಿರಲಿಲ್ಲ. ಎರಡನೇ ಬ್ಯಾಗ್‌ನ ಶುಲ್ಕ ಕಟ್ಟಿದೆ. ಡೈಪರ್‌ನ ಬೆಲೆಗಿಂತ ಅದು ಎಷ್ಟೋ ಜಾಸ್ತಿಯಾಗಿತ್ತು.

ಅವತ್ತು ಅರ್ಥವಾದ ವಿಷಯವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹೆಚ್ಚಿನ ವಿಮಾನ ಕಂಪನಿಗಳು ಸ್ಟ್ರಾಲರ್‌ಗೆ ದುಡ್ಡು ಕೇಳುವುದಿಲ್ಲ. ದುಡ್ಡು ಹೋಗುವುದು ಅದು ಸ್ಟ್ರಾಲರ್ ಅನ್ನುವ ಲೆಕ್ಕದಿಂದ ಜಾರಿ ಲಗೇಜ್ ಲೆಕ್ಕಕ್ಕೆ ಬಿದ್ದಾಗ. ಹಾಗೆ ಬೀಳುವ ಜಾಗಗಳು ಕೆಲವೇ ಇವೆ, ಅವು ಗೊತ್ತಿದ್ದರೆ ಸಾಕು.

ಟಿಕೆಟ್ ಮಾಡುವ ಮೊದಲು

ಕಂಪನಿಯ ವೆಬ್‌ಸೈಟ್‌ನಲ್ಲಿ "ಬ್ಯಾಗೇಜ್" ಪುಟ ಮಾತ್ರ ನೋಡಬೇಡಿ. ಸ್ಟ್ರಾಲರ್‌ನ ನಿಯಮ ಬಹಳ ಸಲ "ಮಕ್ಕಳೊಂದಿಗೆ ಪ್ರಯಾಣ" ಅನ್ನುವ ಬೇರೆ ಪುಟದಲ್ಲಿರುತ್ತದೆ. ಅಲ್ಲಿ ಮೊದಲು ನೋಡಬೇಕಾದದ್ದು ಎಷ್ಟು ವಸ್ತುಗಳು ಉಚಿತ ಅಂತ. ಯುರೋಪಿನ ರಯಾನ್‌ಏರ್, ಈಸಿಜೆಟ್‌ನಂಥ ಕಡಿಮೆ ದರದ ಕಂಪನಿಗಳೂ ಒಂದು ಮಗುವಿಗೆ ಎರಡು ವಸ್ತುಗಳನ್ನು ಉಚಿತವಾಗಿ ಒಯ್ಯುತ್ತವೆ. ಸ್ಟ್ರಾಲರ್ ಒಂದು, ಅದರ ಜೊತೆ ಕಾರ್ ಸೀಟೋ ಮಡಚುವ ತೊಟ್ಟಿಲೋ ಇನ್ನೊಂದು. ಅಮೆರಿಕದ ಸೌತ್‌ವೆಸ್ಟ್‌ನಲ್ಲಿ ಒಂದು ಸ್ಟ್ರಾಲರ್, ಒಂದು ಕಾರ್ ಸೀಟ್. ಆದರೆ ಎಲ್ಲರೂ ಎರಡು ಕೊಡುವುದಿಲ್ಲ. ಒಂದೇ ಉಚಿತ ಅನ್ನುವ ಕಡೆ ಸ್ಟ್ರಾಲರ್ ಜೊತೆ ಕಾರ್ ಸೀಟ್ ತಂದರೆ ಎರಡನೆಯದು ನಿಮ್ಮ ಲಗೇಜ್ ಲೆಕ್ಕಕ್ಕೆ ಹೋಗುತ್ತದೆ. ಕಾರ್ ಸೀಟನ್ನೇ ಸ್ಟ್ರಾಲರ್ ಮೇಲೆ ಕ್ಲಿಕ್ ಮಾಡಿ ಕೂರಿಸುವ ಜೋಡಿ ಮಾದರಿ ನಿಮ್ಮದಾಗಿದ್ದರೆ, ನಿಮಗದು ಒಂದೇ ಗಾಡಿ. ಕೌಂಟರ್‌ನವರಿಗೆ ಎರಡು ವಸ್ತು.

ಎರಡು ವರ್ಷದೊಳಗಿನ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಹೋಗುವವರು ಇನ್ನೊಂದು ವಿಷಯ ಗಮನಿಸಿ. ಮಡಿಲ ಮಗುವಿಗೆ ಬೇರೆ ಲಗೇಜ್ ಇದೆಯೋ ಇಲ್ಲವೋ ಅನ್ನುವುದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಕೆಲವರು 10 ಕೆಜಿ ಕೊಡುತ್ತಾರೆ, ಕೆಲವರು ಒಂದು ಪೂರ್ತಿ ಬ್ಯಾಗ್ ಕೊಡುತ್ತಾರೆ, ಕೆಲವರು ಏನೂ ಕೊಡುವುದಿಲ್ಲ. ಇದಕ್ಕೂ ಸ್ಟ್ರಾಲರ್‌ಗೂ ಸಂಬಂಧವಿಲ್ಲ. ಮಗುವಿಗೆ ಲಗೇಜ್ ಇಲ್ಲದ ಟಿಕೆಟ್‌ನಲ್ಲೂ ಸ್ಟ್ರಾಲರ್ ಉಚಿತವಾಗಿರುವುದೇ ಹೆಚ್ಚು. ಈ ಎರಡನ್ನೂ ಕಲಸಿಕೊಂಡು ಬೇಡದ ಬ್ಯಾಗ್ ಕೊಂಡವರನ್ನು ನೋಡಿದ್ದೇನೆ.

ಉಚಿತ ಅನ್ನುವುದು ಜೊತೆಯಲ್ಲಿ ಮಗು ಇದ್ದಾಗ ಮಾತ್ರ. ಮಗುವನ್ನು ಅಜ್ಜಿ ಮನೆಯಲ್ಲಿ ಬಿಟ್ಟು ನೀವೊಬ್ಬರೇ ಗಾಡಿ ತಳ್ಳಿಕೊಂಡು ವಾಪಸ್ ಬಂದರೆ ಅದು ಸಾಮಾನ್ಯ ಲಗೇಜ್. ತಂಗಿಯ ಮಗುವಿಗೆ ಅಂತ ಹೊಸ ಸ್ಟ್ರಾಲರನ್ನು ಡಬ್ಬದ ಸಮೇತ ಒಯ್ದರೂ ಹಾಗೇ. ಅದರಲ್ಲೂ ಡಬ್ಬದ ಉದ್ದ, ಅಗಲ, ಎತ್ತರ ಕೂಡಿದಾಗ 158 ಸೆಂ.ಮೀ. ದಾಟಿದರೆ ಹಲವು ಕಂಪನಿಗಳು ದೊಡ್ಡ ಗಾತ್ರದ ಶುಲ್ಕವನ್ನೂ ಸೇರಿಸುತ್ತವೆ. ಮಗುವಿನ ಜೊತೆ ಬಂದ ಸ್ಟ್ರಾಲರ್‌ಗೆ ಸಾಮಾನ್ಯವಾಗಿ ಈ ಅಳತೆಯ ಕಾಟ ಇರುವುದಿಲ್ಲ.

ಒಂದಕ್ಕಿಂತ ಹೆಚ್ಚು ವಿಮಾನ ಹತ್ತುವುದಿದ್ದರೆ, ಎಲ್ಲಾ ಒಂದೇ ಟಿಕೆಟ್‌ನಲ್ಲಿದೆಯಾ ನೋಡಿ. ಒಂದೇ ಟಿಕೆಟ್ ಆದರೆ ಸಾಮಾನ್ಯವಾಗಿ ಒಂದು ಕಂಪನಿಯ ಲಗೇಜ್ ನಿಯಮವೇ ಕೊನೆಯವರೆಗೆ ನಡೆಯುತ್ತದೆ. ಯಾರದ್ದು ಅಂತ ಇ-ಟಿಕೆಟ್‌ನ ಬ್ಯಾಗೇಜ್ ಸಾಲಿನಲ್ಲಿ ಇರುತ್ತದೆ. ಬೇರೆ ಬೇರೆ ಟಿಕೆಟ್ ಮಾಡಿದ್ದರೆ ಪ್ರತಿ ಕಂಪನಿಯ ನಿಯಮವೂ ಬೇರೆ. ಮೊದಲನೆಯದರಲ್ಲಿ ಉಚಿತವಾಗಿ ಬಂದದ್ದಕ್ಕೆ ಎರಡನೆಯದರಲ್ಲಿ ದುಡ್ಡು ಕೇಳಬಹುದು.

ಇಷ್ಟೆಲ್ಲಾ ಓದಿದ ಮೇಲೆ ಆ ಪುಟದ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ, ತಾರೀಖು ಕಾಣುವಂತೆ. ಕೌಂಟರ್‌ನಲ್ಲಿ ಹೊಸಬರು ಇದ್ದಾಗ ನಾನು ಒಂದೇ ಮಾತು ಆಡುತ್ತೇನೆ: "ನಿಮ್ಮ ಪುಟದಲ್ಲಿ ಹೀಗಿದೆ, ಒಮ್ಮೆ ನೋಡ್ತೀರಾ?" ಜಗಳ ಬೇಕಾಗುವುದಿಲ್ಲ.

ಪುಟ್ಟ ಸ್ಟ್ರಾಲರ್ ಅಂದರೆ ನಿಶ್ಚಿಂತೆ ಅಲ್ಲ

ಕ್ಯಾಬಿನ್‌ಗೆ, ಅಂದರೆ ವಿಮಾನದಲ್ಲಿ ನಾವು ಕೂರುವ ಕಡೆಗೇ, ಒಯ್ಯಬಹುದು ಅಂತ ಮಾರುವ ಸ್ಟ್ರಾಲರ್‌ಗಳಿವೆ. ಅವುಗಳಲ್ಲಿ ಯೋಯೋ ಅನ್ನುವ ಮಾದರಿ ಮಡಚಿದಾಗ ಸುಮಾರು 52 × 44 × 18 ಸೆಂ.ಮೀ. ಆಗುತ್ತದೆ. ಅಂತರರಾಷ್ಟ್ರೀಯ ವಿಮಾನ ಸಂಸ್ಥೆಗಳ ಒಕ್ಕೂಟ ಐಎಟಿಎ ಕ್ಯಾಬಿನ್ ಬ್ಯಾಗ್‌ಗೆ ಸೂಚಿಸುವ ಅಳತೆ 56 × 45 × 25 ಸೆಂ.ಮೀ. ಹಾಗಾಗಿ ಕಾಗದದ ಮೇಲೆ ಅದು ಹಿಡಿಸುತ್ತದೆ. ಆದರೆ ಆ ಅಳತೆ ಬರೀ ಸೂಚನೆ. ಪ್ರತಿ ಕಂಪನಿಗೂ ತನ್ನದೇ ಅಳತೆ ಇದೆ, ಕೆಲವರದು ಇದಕ್ಕಿಂತ ಚಿಕ್ಕದು. ಅದರ ಮೇಲೆ 7 ಕೆಜಿ ಮಿತಿ ಇರುವ ಕಡೆ 6 ಕೆಜಿ ಚಿಲ್ಲರೆ ತೂಗುವ ಸ್ಟ್ರಾಲರ್ ಒಂದೇ ಬಹುಪಾಲು ತೂಕ ತಿಂದುಬಿಡುತ್ತದೆ.

ಜನ ಜಾಸ್ತಿ ಸಿಕ್ಕಿಬೀಳುವುದು ಇಲ್ಲೇ ಅಂತ ನನ್ನ ಅನಿಸಿಕೆ. ಸ್ಟ್ರಾಲರನ್ನು ಒಳಗೆ ಒಯ್ದರೆ ಹಲವು ಕಂಪನಿಗಳು ಅದನ್ನೇ ನಿಮ್ಮ ಕ್ಯಾಬಿನ್ ಬ್ಯಾಗ್ ಅಂತ ಲೆಕ್ಕ ಹಾಕುತ್ತವೆ. ಆಗ ಹೆಗಲಲ್ಲಿರುವ ನಿಜವಾದ ಬ್ಯಾಗ್ ಹೆಚ್ಚುವರಿ ಆಗುತ್ತದೆ. ವಿಮಾನ ಹತ್ತುವ ಗೇಟ್‌ನಲ್ಲಿ ಕಟ್ಟುವ ಬ್ಯಾಗ್ ಶುಲ್ಕ ಮೊದಲೇ ಆನ್‌ಲೈನ್‌ನಲ್ಲಿ ಕಟ್ಟುವುದಕ್ಕಿಂತ ಸಾಮಾನ್ಯವಾಗಿ ದುಬಾರಿ. ಅದೇ ಸ್ಟ್ರಾಲರನ್ನು ಗೇಟ್‌ನಲ್ಲಿ ಕೊಟ್ಟು ವಿಮಾನದ ಹೊಟ್ಟೆಗೆ ಹಾಕಿಸಿದರೆ ಸಾಮಾನ್ಯವಾಗಿ ಏನೂ ಕಟ್ಟಬೇಕಿಲ್ಲ. ಆದ್ದರಿಂದ ಒಳಗೆ ಹಿಡಿಸುತ್ತದೆ ಅನ್ನುವ ಒಂದೇ ಕಾರಣಕ್ಕೆ ಒಳಗೆ ಒಯ್ಯಬೇಡಿ. ನಿಮ್ಮ ಹತ್ತಿರ ಬೇರೆ ಕ್ಯಾಬಿನ್ ಬ್ಯಾಗ್ ಇಲ್ಲದಿದ್ದರೆ ಮಾತ್ರ ಒಯ್ಯಿರಿ.

ಮಗುವಿನ ಡೈಪರ್ ಬ್ಯಾಗ್‌ಗೆ ಬೇರೆ ಅವಕಾಶ ಕೊಡುವ ಕಂಪನಿಗಳು ಸಾಕಷ್ಟಿವೆ. ಅದೂ ಆ ಮಕ್ಕಳ ಪುಟದಲ್ಲೇ ಇರುತ್ತದೆ. ನಾನು ಕವರ್ ಬ್ಯಾಗ್‌ಗೆ ತುರುಕಿದ್ದ ಡೈಪರ್‌ಗಳ ಜಾಗ ಇದೇ ಆಗಿತ್ತು.

ಬ್ಯಾಟರಿ ಇರುವ ಸ್ಟ್ರಾಲರ್ ಆದರೆ ಬ್ಯಾಟರಿ ಬಿಚ್ಚಲು ಬರುತ್ತದಾ ಅಂತ ಮನೆಯಲ್ಲೇ ನೋಡಿಕೊಳ್ಳಿ. ಬಿಚ್ಚಿದ ಲಿಥಿಯಂ ಬ್ಯಾಟರಿ ನಿಮ್ಮ ಜೊತೆ ಕ್ಯಾಬಿನ್‌ನಲ್ಲೇ ಇರಬೇಕು, ಕೆಳಗೆ ಹೋಗುವಂತಿಲ್ಲ. ಬ್ಯಾಟರಿಯ ಸಾಮರ್ಥ್ಯ 100 ವ್ಯಾಟ್-ಅವರ್ ದಾಟಿದರೆ ಕಂಪನಿಯ ಅನುಮತಿ ಬೇಕು, 160 ದಾಟಿದರೆ ಒಯ್ಯಲು ಬಿಡುವುದಿಲ್ಲ.

ಕೌಂಟರ್‌ನಿಂದ ವಿಮಾನದ ಬಾಗಿಲವರೆಗೆ

ಎರಡು ದಾರಿ ಇವೆ. ಚೆಕ್‌ಇನ್ ಕೌಂಟರ್‌ನಲ್ಲೇ ಕೊಟ್ಟುಬಿಡುವುದು ಒಂದು, ಗೇಟ್‌ವರೆಗೆ ತಳ್ಳಿಕೊಂಡು ಹೋಗಿ ಅಲ್ಲಿ ಕೊಡುವುದು ಇನ್ನೊಂದು. ಮಡಚಲು ಬರದ ಅಥವಾ ತುಂಬಾ ಭಾರದ ಸ್ಟ್ರಾಲರ್‌ಗಳನ್ನು ಕೆಲವರು ಕೌಂಟರ್‌ನಲ್ಲೇ ತೆಗೆದುಕೊಳ್ಳುತ್ತಾರೆ. ಉಳಿದಂತೆ ನನ್ನ ಆಯ್ಕೆ ಯಾವಾಗಲೂ ಗೇಟ್. ಮಗು ನಿದ್ದೆ ಮಾಡುತ್ತಾಳೆ, ನನ್ನ ಕೈ ಖಾಲಿ ಇರುತ್ತದೆ.

ಗೇಟ್‌ನಲ್ಲಿ ಕೊಡುವುದಾದರೂ ಟ್ಯಾಗನ್ನು ಚೆಕ್‌ಇನ್ ಕೌಂಟರ್‌ನಲ್ಲೇ ಹಾಕಿಸಿಕೊಳ್ಳಿ. ಅಲ್ಲಿ ಹಾಕಿಕೊಡದಿದ್ದರೆ ಗೇಟ್ ತಲುಪಿದ ತಕ್ಷಣ ಕೇಳಿ, ಬೋರ್ಡಿಂಗ್ ಶುರುವಾಗುವವರೆಗೆ ಕಾಯಬೇಡಿ. ಟ್ಯಾಗ್ ಹಾಕುವಾಗ ಎರಡು ಪ್ರಶ್ನೆ ಕೇಳಲೇಬೇಕು. ಇಳಿದ ಮೇಲೆ ವಿಮಾನದ ಬಾಗಿಲಲ್ಲಿ ಸಿಗುತ್ತದಾ, ಇಲ್ಲಾ ಲಗೇಜ್ ಬರುವ ಬೆಲ್ಟ್‌ನಲ್ಲಾ? ಮಧ್ಯದಲ್ಲಿ ವಿಮಾನ ಬದಲಿಸುವಾಗ ಕೈಗೆ ಬರುತ್ತದಾ, ಇಲ್ಲಾ ನೇರ ಕೊನೆಯ ಊರಿಗಾ? ನೇರ ಕೊನೆಯ ಊರಿಗೆ ಅಂದರೆ, ಮಧ್ಯದ ದೊಡ್ಡ ಟರ್ಮಿನಲ್‌ನಲ್ಲಿ ಮಲಗಿದ ಮಗುವನ್ನು ಎತ್ತಿಕೊಂಡೇ ನಡೆಯಬೇಕು. ಮಗುವನ್ನು ಮೈಗೆ ಕಟ್ಟಿಕೊಳ್ಳುವ ಒಂದು ಕ್ಯಾರಿಯರ್ ಬಟ್ಟೆ ಕೈಚೀಲದಲ್ಲಿ ಇರಲಿ.

ಟ್ಯಾಗನ್ನು ಎಲ್ಲಿ ಕಟ್ಟುತ್ತಾರೆ ಅನ್ನುವುದನ್ನು ನೋಡಿಕೊಳ್ಳಿ. ಅವಸರದಲ್ಲಿ ನೆರಳಿನ ಬಟ್ಟೆಗೋ ಹಿಡಿಕೆಯ ರಬ್ಬರ್‌ಗೋ ಸುತ್ತುತ್ತಾರೆ. ಅದು ಮಡಚುವಾಗಲೇ ಹರಿಯುತ್ತದೆ. ಕದಲದ ಲೋಹದ ಕೊಳವೆಗೆ ಕಟ್ಟಿಸಿ. ನಿಮ್ಮ ಕೈಗೆ ಕೊಡುವ ಚಿಕ್ಕ ಚೂರನ್ನು ಬೋರ್ಡಿಂಗ್ ಪಾಸ್ ಹಿಂದೆ ಅಂಟಿಸಿಕೊಳ್ಳಿ. ಸ್ಟ್ರಾಲರನ್ನು ನೀವು ಕಂಪನಿಗೆ ಒಪ್ಪಿಸಿದ್ದಕ್ಕೆ ಅದೇ ಪುರಾವೆ.

ಭದ್ರತಾ ತಪಾಸಣೆಯಲ್ಲಿ ಮಗುವನ್ನು ಇಳಿಸಿ, ಗಾಡಿ ಮಡಚಿ ಎಕ್ಸ್‌ರೇ ಬೆಲ್ಟ್ ಮೇಲೆ ಇಡಬೇಕು. ಹಿಡಿಸದಿದ್ದರೆ ಕೈಯಲ್ಲೇ ಪರೀಕ್ಷೆ ಮಾಡುತ್ತಾರೆ. ಕೆಳಗಿನ ಬುಟ್ಟಿ ಖಾಲಿ ಇರಲಿ. ಮನೆಯಲ್ಲಿ ಒಂದು ಕೈಯಲ್ಲಿ ಮಡಚುವುದನ್ನು ನಾಲ್ಕೈದು ಸಲ ಮಾಡಿ ನೋಡಿ, ಇನ್ನೊಂದು ಕೈಯಲ್ಲಿ ಮಗು ಇರುತ್ತದಲ್ವಾ.

ಕೊಡುವ ಮೊದಲು ಮೂರು ಫೋಟೋ ತೆಗೆಯಿರಿ: ನಿಲ್ಲಿಸಿದ್ದು ಒಂದು, ಮಡಚಿದ್ದು ಒಂದು, ಟ್ಯಾಗ್ ನಂಬರ್ ಕಾಣುವಂತೆ ಒಂದು. ಕಪ್ ಹೋಲ್ಡರ್, ಆಟಿಕೆ, ಮಳೆ ಕವರ್ ಎಲ್ಲಾ ಬಿಚ್ಚಿಕೊಳ್ಳಿ. ಮಡಚಿದ ಮೇಲೆ ಕೊಕ್ಕೆ ಗಟ್ಟಿ ಇಲ್ಲದಿದ್ದರೆ ಒಂದು ಬೆಲ್ಟ್ ಸುತ್ತಿ. ತೆಳ್ಳನೆಯ ಕವರ್ ಬ್ಯಾಗ್ ಹಾಕಬಹುದು, ಖಾಲಿಯಾಗಿಯೇ.

ಮುರಿದು ಬಂದರೆ

ಎರಡನೇ ಪ್ರಯಾಣದಲ್ಲಿ ಶುಲ್ಕ ಕಟ್ಟಲಿಲ್ಲ, ಆದರೆ ಸ್ಟ್ರಾಲರ್ ಮುಂದಿನ ಒಂದು ಚಕ್ರ ಇಲ್ಲದೆ ಬಂತು. ಚಕ್ರ ಕೂರುವ ಕಪ್ಪು ಪ್ಲಾಸ್ಟಿಕ್ ತುದಿ ಸೀಳಿ ಎರಡಾಗಿತ್ತು. ಮಗು ಹಸಿದಿದ್ದಳು, ಮನೆಗೆ ಹೋಗಿ ಇಮೇಲ್ ಮಾಡೋಣ ಅನ್ನಿಸಿತ್ತು. ಹಾಗೆ ಮಾಡದೆ ಇದ್ದದ್ದು ಒಳ್ಳೆಯದಾಯಿತು. ಹೊರಗೆ ಹೋಗುವ ಮೊದಲೇ ಬ್ಯಾಗೇಜ್ ಡೆಸ್ಕ್‌ಗೆ ಹೋಗಿ ಪಿಐಆರ್ ಅನ್ನುವ ದೂರಿನ ವರದಿ ಬರೆಸಿದೆ. ಟ್ಯಾಗ್ ಚೂರು, ಗೇಟ್‌ನಲ್ಲಿ ತೆಗೆದ ಫೋಟೋ ಎರಡೂ ತೋರಿಸಿದೆ. ಮೊದಲೇ ಮುರಿದಿತ್ತೇನೋ ಅನ್ನುವ ಮಾತಿಗೆ ಅಲ್ಲಿ ಜಾಗವೇ ಉಳಿಯಲಿಲ್ಲ.

ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಇದಕ್ಕೆ 1999ರ ಮಾಂಟ್ರಿಯಲ್ ಒಪ್ಪಂದದ ಬೆಂಬಲ ಇದೆ. ಒಪ್ಪಿಸಿದ ಲಗೇಜ್‌ಗೆ ಹಾನಿಯಾದರೆ, ಅದು ಕೈಗೆ ಬಂದ ದಿನದಿಂದ 7 ದಿನದೊಳಗೆ ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ತಡವಾಗಿ ಬಂದ ಲಗೇಜ್‌ನ ದೂರಿಗೆ 21 ದಿನ. ಪರಿಹಾರಕ್ಕೆ ಮೇಲ್ಮಿತಿಯೂ ಇದೆ. 2024ರ ಡಿಸೆಂಬರ್ 28ರಿಂದ ಒಬ್ಬ ಪ್ರಯಾಣಿಕರಿಗೆ 1,519 ಎಸ್‌ಡಿಆರ್. ಎಸ್‌ಡಿಆರ್ ಅಂದರೆ ಐಎಂಎಫ್‌ನ ಲೆಕ್ಕದ ಮಾನ, ಅದನ್ನು ಆಯಾ ದೇಶದ ಹಣಕ್ಕೆ ಪರಿವರ್ತಿಸುತ್ತಾರೆ. ಗೇಟ್‌ನಲ್ಲಿ ಟ್ಯಾಗ್ ಹಾಕಿ ಪಡೆದ ಸ್ಟ್ರಾಲರ್ ಕೂಡ ಅವರಿಗೆ ಒಪ್ಪಿಸಿದ ವಸ್ತುವೇ. "ಸ್ಟ್ರಾಲರ್‌ಗೆ ನಾವು ಜವಾಬ್ದಾರರಲ್ಲ" ಅಂದರೆ ಅಲ್ಲಿಗೇ ಸುಮ್ಮನಾಗಬೇಡಿ.

ಡೆಸ್ಕ್‌ನಲ್ಲಿ ವರದಿ ಬರೆಸಿದ ಮಾತ್ರಕ್ಕೆ ಮುಗಿಯಿತು ಅಂದುಕೊಳ್ಳಬೇಡಿ. ನಾನು ಮೂರನೇ ದಿನ ಆ ವರದಿಯ ನಂಬರ್ ಹಾಕಿ ಬೇರೆಯಾಗಿ ದೂರು ಕಳಿಸಿದೆ. ಸ್ಟ್ರಾಲರ್ ಕೊಂಡ ಬಿಲ್, ಹೊಸ ಚಕ್ರ ಮತ್ತು ಆ ತುದಿಯ ಬೆಲೆ ತೋರಿಸುವ ಚೀಟಿ, ಫೋಟೋಗಳು ಎಲ್ಲಾ ಲಗತ್ತಿಸಿದೆ. ಬಿಡಿಭಾಗಗಳ ದುಡ್ಡು ಪೂರ್ತಿ ಬಂತು. ಈಗ ಗೇಟ್‌ನಲ್ಲಿ ಮುಂದಿನ ಎರಡೂ ಚಕ್ರಗಳನ್ನು ಬಿಚ್ಚಿ, ಒಂದು ಬಟ್ಟೆಯ ಚೀಲಕ್ಕೆ ಹಾಕಿ, ಡೈಪರ್ ಬ್ಯಾಗ್‌ನ ತಳದಲ್ಲಿ ಇಟ್ಟುಕೊಂಡು ವಿಮಾನ ಹತ್ತುತ್ತೇನೆ.