ಮುದಿ ಕುದುರೆಯ ತೂಕ ಇಳಿಸಿ, ಗೊರಸು ಉಳಿಸುವುದು ಹೇಗೆ?

‘ಕುದುರೆ ಕಂಡರೆ ಕಾಲುನೋವು’ ಎಂಬ ಗಾದೆ ನಡೆಯಲು ಒಲ್ಲದ ಮನುಷ್ಯರದು. ಕುದುರೆಗೇ ಬರುವ ಕಾಲುನೋವು ಮಾತ್ರ ನೆಪವಲ್ಲ. ಗೊರಸಿನ ಗೋಡೆಯನ್ನು ಒಳಗಿನ ಮೂಳೆಗೆ ಬೆಸೆದಿರುವ ನವಿರು ಪದರಗಳು ಸಡಿಲಗೊಳ್ಳುವ ಕಾಯಿಲೆಯೇ ಲ್ಯಾಮಿನೈಟಿಸ್. ಬೆಸುಗೆ ಪೂರ್ತಿ ಬಿಟ್ಟರೆ ಮೂಳೆ ವಾಲಿ ಅಂಗಾಲನ್ನು ಒತ್ತುತ್ತದೆ. ಜಟಕಾದಿಂದಲೋ ಸವಾರಿ ಶಾಲೆಯಿಂದಲೋ ಬಿಡುಗಡೆಯಾಗಿ ತಿಂದುಂಡು ನಿಂತಿರುವ ಕುದುರೆಯಲ್ಲಿ ಇದಕ್ಕೆ ಬಹುತೇಕ ಕಾರಣ, ರಕ್ತದಲ್ಲಿ ಏರಿದ ಇನ್ಸುಲಿನ್. ಮೈಗೇರಿದ ಕೊಬ್ಬಿನ ಜೊತೆಗೆ ಅದನ್ನು ಏರಿಸುವುದು ಸಕ್ಕರೆ ಮತ್ತು ಪಿಷ್ಟ. ಅಂಗೈಯಲ್ಲಿಟ್ಟು ಮುದ್ದಿನಿಂದ ತಿನ್ನಿಸುವ ಬೆಲ್ಲದ ಚೂರೂ ಆ ಲೆಕ್ಕಕ್ಕೇ ಸೇರುತ್ತದೆ.

ಮೊದಲು ಅಳೆಯಿರಿ. ದರ್ಜಿಯ ಟೇಪು 150 ಸೆಂ.ಮೀ.ಗೆ ಮುಗಿದುಹೋಗುತ್ತದೆ. ಆದ್ದರಿಂದ ಒಂದು ದಾರವನ್ನು ಸುತ್ತಿ, ಆಮೇಲೆ ದಾರವನ್ನು ಅಳೆಯಿರಿ. ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ಉಬ್ಬಿನ ಹಿಂದಿನಿಂದ ಎದೆಯ ಸುತ್ತಳತೆ ಬೇಕು; ಭುಜದ ತುದಿಯಿಂದ ಪೃಷ್ಠದ ತುದಿಯವರೆಗೆ ಉದ್ದ ಬೇಕು. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 180 ಸೆಂ.ಮೀ., ಉದ್ದ 165 ಸೆಂ.ಮೀ. ಇದ್ದರೆ ತೂಕ 450 ಕೆ.ಜಿ. ಇದು ಅಂದಾಜು. ಆದರೂ ಹದಿನೈದು ದಿನಕ್ಕೊಮ್ಮೆ ಅದೇ ಜಾಗದಲ್ಲಿ ಅಳೆದು ಬರೆದಿಟ್ಟರೆ ತೂಕ ಯಾವ ಕಡೆ ಹೊರಟಿದೆ ಎಂಬುದು ತಿಳಿಯುತ್ತದೆ.

ಮುಪ್ಪಿನಲ್ಲಿ ಕಣ್ಣು ಮೋಸ ಮಾಡುತ್ತದೆ, ಕೈಯನ್ನೇ ನಂಬಿ. ಬೆನ್ನಿನ ಮಾಂಸ ಕರಗಿ ಕುದುರೆ ಬಡಕಲಾಗಿ ಕಂಡರೂ ಜೂಲಿನ ಬುಡದಲ್ಲಿ ಕೊಬ್ಬು ಗಟ್ಟಿಯಾಗಿ ಕುಳಿತಿರಬಹುದು. ಪಕ್ಕೆಲುಬು ಕಾಣಬಾರದು, ಆದರೆ ಹಗುರವಾಗಿ ಸವರಿದರೆ ಕೈಗೆ ಸಿಗಬೇಕು. ಅಮೆರಿಕದ ಹೆನೆಕೆ ಮತ್ತು ಸಂಗಡಿಗರು 1983ರಲ್ಲಿ ಕೊಟ್ಟ 1ರಿಂದ 9ರ ಅಂಕಪಟ್ಟಿಯಲ್ಲಿ (1 ಎಂದರೆ ತೀರಾ ಬಡಕಲು, 9 ಎಂದರೆ ಅತಿ ಕೊಬ್ಬು) ಇದು ಸುಮಾರು 5.

ಈಗ ಮೇವು. ಹುರುಳಿ, ಓಟ್ಸ್, ಬೂಸಾ, ಬೆಲ್ಲ ನಿಲ್ಲಲಿ. ಹುರುಳಿ ಬೇಯುವ ವಾಸನೆ ಬಂದರೆ ಕುದುರೆ ಕತ್ತು ಚಾಚುವುದನ್ನು ಕಂಡವರಿಗೆ ಇದು ಕಷ್ಟದ ಮಾತೇ, ಒಪ್ಪಿದೆ. ದಿನಕ್ಕೆ ದೇಹತೂಕದ ಶೇ 1.5ರಷ್ಟು ಒಣ ಪದಾರ್ಥ ಸಾಕು. ಒಣಹುಲ್ಲಿನಲ್ಲೂ ಒಂದಿಷ್ಟು ನೀರಿನಂಶ ಇರುವುದರಿಂದ, 450 ಕೆ.ಜಿ. ಕುದುರೆಗೆ ಅದು ಸುಮಾರು ಏಳೂವರೆ ಕೆ.ಜಿ. ಒಣಹುಲ್ಲು. ತಬ್ಬಿನ ಲೆಕ್ಕ ಬೇಡ, ತಕ್ಕಡಿಯಲ್ಲಿ ತೂಗಿಯೇ ಹಾಕಿ. ನಾಲ್ಕಾರು ಸಲ ಹಂಚಿ ಕೊಟ್ಟರೆ ಹೊಟ್ಟೆ ಖಾಲಿ ಬೀಳುವುದಿಲ್ಲ. ಹುಲ್ಲನ್ನು ಅರ್ಧದಿಂದ ಒಂದು ಗಂಟೆ ನೆನೆಸಿ ನೀರು ಚೆಲ್ಲಿದರೆ ಒಂದಿಷ್ಟು ಸಕ್ಕರೆ ಹೋಗುತ್ತದೆ. ಸೆಖೆಯಲ್ಲಿ ಅದಕ್ಕಿಂತ ಹೆಚ್ಚು ಬಿಟ್ಟರೆ ಹುಳಿಯುತ್ತದೆ. ಖನಿಜವೂ ತೊಳೆದು ಹೋಗುವುದರಿಂದ ಕುದುರೆಯ ಖನಿಜ ಮಿಶ್ರಣ ಸೇರಿಸಿ. ಹಸುವಿನ ಆಹಾರ ಮಾತ್ರ ಬೇಡ: ಕೆಲವದರಲ್ಲಿ ಬೆರೆಸಿರುವ ಮೊನೆನ್ಸಿನ್ ಎಂಬ ಔಷಧಿ ಕುದುರೆಗೆ ವಿಷ.

ಬೇಗ ಇಳಿಯಲೆಂದು ಉಪವಾಸ ಕೆಡವಬೇಡಿ. ಕೊಬ್ಬು ಒಮ್ಮೆಲೇ ರಕ್ತಕ್ಕೆ ನುಗ್ಗಿದರೆ ಪ್ರಾಣಕ್ಕೇ ಸಂಚಕಾರ, ಪೋನಿಗಳಲ್ಲಂತೂ ಇನ್ನೂ ಹೆಚ್ಚು. ವಾರಕ್ಕೆ ಶೇ 1ರೊಳಗೆ ಇಳಿದರೆ ಸಾಕು.

ಹಲ್ಲಿದ್ದಾಗ ಕಡಲೆ ಇರಲಿಲ್ಲ ಎಂಬ ಸ್ಥಿತಿ ಇಲ್ಲಿಯೂ ಉಂಟು. ಅಗಿದ ಹುಲ್ಲು ಉಂಡೆಯಾಗಿ ಬಾಯಿಂದ ಬೀಳುತ್ತಿದ್ದರೆ ಹಲ್ಲು ಸವೆದಿದೆ ಎಂದು ತಿಳಿದು ಪಶುವೈದ್ಯರಿಗೆ ತೋರಿಸಿ. ಹದಿನೈದು ದಾಟಿದ ಕುದುರೆಯ ಕೂದಲು ಉದುರದೆ ಉದ್ದ ಬೆಳೆದು, ಹೊಟ್ಟೆ ಜೋತುಬಿದ್ದಿದ್ದರೆ ಕುಷಿಂಗ್ ಕಾಯಿಲೆಯ (ಮುಪ್ಪಿನಲ್ಲಿ ಬರುವ ಹಾರ್ಮೋನಿನ ಏರುಪೇರು) ರಕ್ತಪರೀಕ್ಷೆಯನ್ನೂ ಕೇಳಿ. ಅದಿದ್ದರೆ ಪಥ್ಯವೊಂದೇ ಸಾಲದು, ಪರ್ಗೊಲೈಡ್ ಮಾತ್ರೆ ಬೇಕಾಗುತ್ತದೆ.

ದಿನವೂ ಬೆಳಗ್ಗೆ ಒಂದು ನಿಮಿಷ ಕಾಲಿನ ಬಳಿ ಕೂರಿ. ಗೊರಸಿನ ಮೇಲಿನ ಗೆಣ್ಣಿನ ಹಿಂಬದಿಯಲ್ಲಿ, ಎರಡೂ ಪಕ್ಕ, ಬೆರಳಿಗೆ ನಾಡಿ ಸಿಗುತ್ತದೆ. ಆರೋಗ್ಯವಾಗಿದ್ದಾಗ ಅದು ಸಿಕ್ಕೂ ಸಿಗದಂತೆ ಇರುತ್ತದೆ. ಒಂದು ದಿನ ಅದು ಢವಢವ ಎಂದು ಬಡಿದರೆ, ಗೊರಸು ಬಿಸಿಯಾಗಿದ್ದರೆ, ತಿರುಗಲು ಹಿಂಜರಿದು ಮುಂಗಾಲಿನ ಭಾರವನ್ನು ಹಿಂದಕ್ಕೆ ಹಾಕಿ ನಿಂತರೆ, ಪಶುವೈದ್ಯರಿಗೆ ಫೋನ್ ಮಾಡಿ. ಅವರು ಬರುವವರೆಗೆ ನಡೆಸಬೇಡಿ, ಲಾಯದಲ್ಲಿ ಮರಳನ್ನೋ ಹುಲ್ಲನ್ನೋ ದಪ್ಪಗೆ ಹಾಸಿ, ಗೊರಸಿಗೆ ಮಂಜುಗಡ್ಡೆ ಕಟ್ಟಿ. ನೀರಿನ ಬಕೆಟ್ಟು ಅದರ ಮೂತಿಯ ಹತ್ತಿರವೇ ಇರಲಿ.