ಕಲ್ಲು ಓದುವ ಕೆಲಸದಲ್ಲಿ ತತ್ವಶಾಸ್ತ್ರ: ನನ್ನ ಅನುಭವ

ಭೂವಿಜ್ಞಾನದವರಿಗೆ ತತ್ವಶಾಸ್ತ್ರ ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ನನಗಂತೂ ಸುತ್ತಿಗೆ, ದಿಕ್ಸೂಚಿ, ಲೆನ್ಸ್ ಎಷ್ಟು ಬೇಕೋ ಅದೂ ಅಷ್ಟೇ ಬೇಕು. ಹಳೆಯ ಬಂಡೆಗಳ ಪದರ ನೋಡಿ, ಅಲ್ಲಿ ಆಗ ನದಿ ಇತ್ತೋ, ಸಮುದ್ರ ಇತ್ತೋ, ಹಿಮ ಇತ್ತೋ ಅಂತ ಹೇಳುವುದು ನನ್ನ ಕೆಲಸ. ಯಾರೂ ಕಣ್ಣಾರೆ ಕಂಡಿಲ್ಲದ ಸಂಗತಿ ಅದು. ಲ್ಯಾಬಿನಲ್ಲಿ ಸಂದೇಹ ಬಂದರೆ ಪ್ರಯೋಗವನ್ನು ಇನ್ನೊಮ್ಮೆ ಮಾಡಬಹುದು, 30 ಕೋಟಿ ವರ್ಷ ಹಿಂದಿನ ನದಿಯನ್ನು ಇನ್ನೊಮ್ಮೆ ಹರಿಸಿ ನೋಡಲು ಆಗುವುದಿಲ್ಲ ಅಲ್ವಾ. ಉಳಿದಿರುವುದು ಕುರುಹು ಮಾತ್ರ. ಹಾಗಿರುವಾಗ "ನನಗೆ ಗೊತ್ತು" ಅಂತ ಯಾವ ಧೈರ್ಯದ ಮೇಲೆ ಹೇಳಬೇಕು? ತತ್ವಶಾಸ್ತ್ರ ಕೇಳುವುದೂ ಇದನ್ನೇ.

ನಾನು ಮೊದಲು ಬದಲಾಯಿಸಿದ್ದು ನೋಟ್‌ಬುಕ್ಕನ್ನು. ಎಡಪುಟದಲ್ಲಿ ಕಂಡದ್ದು, ಬಲಪುಟದಲ್ಲಿ ಅದಕ್ಕೆ ಕಾರಣ ಏನಿರಬಹುದು ಅನ್ನುವುದು. "ಹಿಮನದಿ (ನಿಧಾನವಾಗಿ ಜರುಗುವ ಮಂಜುಗಡ್ಡೆಯ ರಾಶಿ) ತಂದ ಪದರ" ಅಂತ ಎಡಕ್ಕೆ ಬರೆಯುವ ಹಾಗಿಲ್ಲ. "ನುಣ್ಣನೆಯ ಕೆಸರುಗಲ್ಲಿನೊಳಗೆ ದೊಡ್ಡ, ಚಿಕ್ಕ ಕಲ್ಲುಗಳು ಬೆರೆತಿವೆ, ಗಾತ್ರದ ಪ್ರಕಾರ ಬೇರೆಯಾಗಿಲ್ಲ" ಅಂತ ಬರೆಯಬಹುದು. ಸುಮ್ನೆ ಎರಡು ಪುಟ ಅನ್ನಿಸುತ್ತದೆ, ಆದರೆ ನೋಡಿದ್ದು ಎಲ್ಲಿ ಮುಗಿಯಿತು, ಊಹೆ ಎಲ್ಲಿ ಶುರುವಾಯಿತು ಅನ್ನುವುದು ಆಗ ಬರೆಯುವವರಿಗೇ ಕಾಣುತ್ತದೆ.

ಬಲಪುಟಕ್ಕೂ ಒಂದು ನಿಯಮ ಇದೆ. ಒಂದೇ ಕಾರಣ ಬರೆದು ನಿಲ್ಲಿಸುವುದಿಲ್ಲ. ಅಮೆರಿಕದ ಭೂವಿಜ್ಞಾನಿ ಟಿ. ಸಿ. ಚೇಂಬರ್ಲಿನ್ 1890ರಲ್ಲೇ ಇದನ್ನು ಹೇಳಿದ್ದರು: ಒಂದೇ ವಿವರಣೆಯನ್ನು ಸಾಕಿಕೊಂಡರೆ ಅದರ ಮೇಲೆ ಹೆತ್ತವರ ಮಮತೆ ಬಂದುಬಿಡುತ್ತದೆ, ಅದಕ್ಕೇ ಹಲವು ವಿವರಣೆಗಳನ್ನು ಒಟ್ಟಿಗೆ ಬೆಳೆಸಬೇಕು ಅಂತ. ಮೇಲಿನ ಪದರವನ್ನೇ ತೆಗೆದುಕೊಳ್ಳಿ. ಹಿಮನದಿ ತಂದು ಸುರಿದಿರಬಹುದು. ಇಳಿಜಾರಿನಿಂದ ಕೆಸರು, ಕಲ್ಲು ಒಟ್ಟಿಗೆ ಜಾರಿ ಬಂದಿರಬಹುದು, ಅದು ಸಮುದ್ರದ ತಳದಲ್ಲೂ ಆಗುತ್ತದೆ. ಈಗ ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ: ಇದು ನಿಜವಾಗಿದ್ದರೆ ಇನ್ನೇನು ಸಿಗಬೇಕು? ಹಿಮನದಿಯಾದರೆ ಕೆಳಗಿನ ಬಂಡೆಯ ಮೇಲೆ ಒಂದೇ ದಿಕ್ಕಿನ ಗೀರು ಇರಬಹುದು, ಒಳಗಿನ ಕಲ್ಲುಗಳ ಮುಖ ಉಜ್ಜಿ ಚಪ್ಪಟೆಯಾಗಿರಬಹುದು. ಹತ್ತಿರದ ತೆಳು ಪದರಗಳಲ್ಲಿ ಒಂಟಿ ಕಲ್ಲು ಮೇಲಿಂದ ಬಿದ್ದು ಕೆಳಗಿನ ಪದರವನ್ನು ಬಗ್ಗಿಸಿದ್ದರೆ, ತೇಲುವ ಮಂಜುಗಡ್ಡೆ ಕರಗಿ ಅದನ್ನು ಕೆಡವಿರುವ ಸಾಧ್ಯತೆ ಜಾಸ್ತಿ. ಗೀರು ಒಂದನ್ನೇ ನಂಬಿ ನಾನು ತೀರ್ಮಾನ ಮಾಡುವುದಿಲ್ಲ, ಜಾರಿ ಬಂದ ಕಲ್ಲುಗಳ ಮೇಲೂ ಗೀರು ಬೀಳುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ಮೂರ್ನಾಲ್ಕು ಕುರುಹು ಒಂದೇ ಕಡೆಗೆ ಬೆರಳು ತೋರಿಸಿದಾಗ ಮಾತ್ರ ಬಲಪುಟದ ಉಳಿದ ಸಾಲುಗಳ ಮೇಲೆ ಗೆರೆ ಎಳೆಯುತ್ತೇನೆ, ಅಳಿಸುವುದಂತೂ ಇಲ್ಲ.

ಇನ್ನೊಂದು ವಿಷಯದಲ್ಲಿ ತತ್ವಶಾಸ್ತ್ರ ನನಗೆ ಇನ್ನೂ ಜಾಸ್ತಿ ಸಹಾಯ ಮಾಡಿದೆ. "ಇವತ್ತು ನಡೆಯುವುದೇ ಹಿಂದೆಯೂ ನಡೆಯುತ್ತಿತ್ತು" ಅಂತ ಎಲ್ಲರೂ ಮೊದಲ ವರ್ಷದಲ್ಲೇ ಕಲಿಯುತ್ತೇವೆ. ಅದರೊಳಗೆ ಎರಡು ಮಾತು ಇವೆ. ಪ್ರಕೃತಿಯ ನಿಯಮ ಬದಲಾಗಿಲ್ಲ ಅನ್ನುವುದು ಒಂದು, ಅದಿಲ್ಲದೆ ಹಿಂದಿನದರ ಬಗ್ಗೆ ಏನನ್ನೂ ಹೇಳಲು ಆಗುವುದಿಲ್ಲ. ಎಲ್ಲವೂ ಯಾವಾಗಲೂ ಇದೇ ನಿಧಾನದಲ್ಲಿ ನಡೆದಿದೆ ಅನ್ನುವುದು ಬೇರೆ ಮಾತು, ಅದನ್ನು ಕಲ್ಲು ನೋಡಿಯೇ ಪರೀಕ್ಷಿಸಬೇಕು. ಇವೆರಡನ್ನೂ ಕಲಸಿದ್ದರಿಂದ ಏನಾಯಿತು ಅನ್ನುವುದಕ್ಕೆ ಭೂವಿಜ್ಞಾನಿ ಜೆ ಹಾರ್ಲನ್ ಬ್ರೆಟ್ಜ್ ಅವರ ಕಥೆ ಸಾಕು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕೊರೆದ ಬಂಡೆಗಳನ್ನು ನೋಡಿ, ಇದು ಭಾರೀ ಪ್ರವಾಹದ ಕೆಲಸ ಅಂತ ಅವರು 1923ರಲ್ಲಿ ಬರೆದರು. ಎಲ್ಲವೂ ನಿಧಾನವಾಗಿಯೇ ನಡೆಯುತ್ತದೆ ಅಂತ ನಂಬಿದ್ದ ಹೆಚ್ಚಿನವರು ದಶಕಗಳ ಕಾಲ ಒಪ್ಪಲಿಲ್ಲ. ಹಿಮದ ಅಣೆಕಟ್ಟು ಒಡೆದು ಹಿಮಯುಗದ ಮಿಸೌಲಾ ಸರೋವರದ ನೀರು ನುಗ್ಗಿತ್ತು ಅನ್ನುವುದು ಆಮೇಲೆ ಖಚಿತವಾಯಿತು, 1979ರಲ್ಲಿ ಬ್ರೆಟ್ಜ್ ಅವರಿಗೆ ಭೂವಿಜ್ಞಾನದ ದೊಡ್ಡ ಗೌರವವಾದ ಪೆನ್ರೋಸ್ ಪದಕವೂ ಬಂತು. ಆ ಪ್ರವಾಹ ಭೌತಶಾಸ್ತ್ರದ ಯಾವ ನಿಯಮವನ್ನೂ ಮುರಿದಿರಲಿಲ್ಲ!

ಇಲ್ಲದಿರುವುದನ್ನು ಓದುವುದು ಎಲ್ಲಕ್ಕಿಂತ ಕಷ್ಟ. ಸ್ಕಾಟ್ಲೆಂಡಿನ ಸಿಕ್ಕರ್ ಪಾಯಿಂಟಿನಲ್ಲಿ 1788ರಲ್ಲಿ ಭೂವಿಜ್ಞಾನಿ ಜೇಮ್ಸ್ ಹಟನ್ ನೋಡಿದ್ದು ಅದನ್ನೇ: ನೆಟ್ಟಗೆ ನಿಂತ ಹಳೆಯ ಪದರಗಳ ಮೇಲೆ ಓರೆಯಾಗಿ ಮಲಗಿದ ಕೆಂಪು ಮರಳುಗಲ್ಲು. ನಡುವಿನ ಗಡಿಯಲ್ಲಿ ಕೋಟಿಗಟ್ಟಲೆ ವರ್ಷಗಳ ದಾಖಲೆಯೇ ಇಲ್ಲ. ಇಂಥ ಗಡಿ ಸಿಕ್ಕಾಗ, ಪದರ ಇಲ್ಲ ಅಂದರೆ ಏನೂ ನಡೆಯಲಿಲ್ಲ ಅಂತಲೋ, ನಡೆದದ್ದು ಸವೆದುಹೋಯಿತು ಅಂತಲೋ ಬಲಪುಟದಲ್ಲಿ ಬೇರೆ ಬೇರೆ ಸಾಲು ಬರೆಯುತ್ತೇನೆ. ಕೆಳಗಿನ ಕಲ್ಲಿನ ಚೂರುಗಳು ಮೇಲಿನ ಪದರದ ಬುಡದಲ್ಲಿ ಸಿಗುತ್ತವೆಯಾ ಅಂತ ಹುಡುಕುತ್ತೇನೆ, ಸಿಕ್ಕರೆ ಎರಡನೇ ಸಾಲಿಗೆ ಬಲ ಬರುತ್ತದೆ.

ರಿಪೋರ್ಟ್ ಬರೆಯುವಾಗ ಕೊನೆಗೆ ಒಂದು ಪ್ಯಾರಾ ಸೇರಿಸುತ್ತೇನೆ: ಏನು ಸಿಕ್ಕರೆ ಈ ತೀರ್ಮಾನವನ್ನು ಕೈಬಿಡುತ್ತೇನೆ ಅಂತ. ಅದೇ ಜಾಗಕ್ಕೆ ಮುಂದೆ ಹೋಗುವವರು ಮೊದಲು ಏನನ್ನು ಹುಡುಕಬೇಕು ಅನ್ನುವುದು ಅವರಿಗೆ ಅಲ್ಲೇ ಸಿಗುತ್ತದೆ.