ವ್ಯಾಂಕೂವರ್, ಕ್ಯಾಮಸ್ ಕಡೆ ಮನೆ ಮಾಡಿರೋ ಕನ್ನಡಿಗರಿಗೆ: ನಮ್ಮ ಕಾಂಗ್ರೆಸ್ ಮೆಂಬರ್ ಯಾರು, ಅವರಿಗೆ ಏನು ಮುಖ್ಯ

ಪೋರ್ಟ್‌ಲ್ಯಾಂಡ್ ಸುತ್ತಮುತ್ತ ಕೆಲಸ ಮಾಡ್ತಾ ಕೊಲಂಬಿಯಾ ನದಿ ಈಚೆ ವಾಷಿಂಗ್ಟನ್ ರಾಜ್ಯದಲ್ಲಿ ಮನೆ ಮಾಡಿರೋ ನಮ್ಮೋರು ಸುಮಾರು ಜನ ಇದೀವಿ. ಊರಲ್ಲಿ ಎಂಎಲ್‌ಎ ಮನೆ ಯಾವ ಬೀದಿ, ಬೆಳಿಗ್ಗೆ ಎಷ್ಟು ಗಂಟೆಗೆ ಸಿಗ್ತಾರೆ ಎಲ್ಲಾ ಗೊತ್ತಿರತ್ತೆ, ಇಲ್ಲಿ ಮಾತ್ರ ಪ್ರತಿನಿಧಿ ಹೆಸರೂ ಕೇಳಿರಲ್ಲ. ಅದಕ್ಕೇ ಬರೀತಿದೀನಿ.

ನಮ್ಮದು ಅಮೆರಿಕದ ಸಂಸತ್ತಿಗೆ, ಅಂದ್ರೆ ಕಾಂಗ್ರೆಸ್ಸಿಗೆ, ಪ್ರತಿನಿಧಿ ಕಳಿಸೋ ವಾಷಿಂಗ್ಟನ್ನಿನ ಮೂರನೇ ಡಿಸ್ಟ್ರಿಕ್ಟ್, ಊರಿನ ಲೋಕಸಭಾ ಕ್ಷೇತ್ರದ ಥರ. ವ್ಯಾಂಕೂವರ್ ಬಿಟ್ರೆ ಮಿಕ್ಕಿದ್ದೆಲ್ಲಾ ಹೆಚ್ಚುಕಮ್ಮಿ ಹಳ್ಳಿಗಾಡು, ಕಾಡು, ಮರದ ಮಿಲ್ಲು, ಸಮುದ್ರದ ಕಡೆ ಹೋದ್ರೆ ಸಿಂಪಿ ಬೆಳೆಯೋರು. ಇಲ್ಲಿಂದ 2022ರಲ್ಲಿ ಗೆದ್ದೋರು ಮರೀ ಗ್ಲೂಸೆನ್‌ಕ್ಯಾಂಪ್ ಪೆರೆಜ್, ಡೆಮಾಕ್ರಾಟ್. ಮೂರು ಸಾವಿರಕ್ಕೂ ಕಮ್ಮಿ ವೋಟಲ್ಲಿ ಗೆದ್ರು, 2024ರಲ್ಲಿ ಇದೇ ಡಿಸ್ಟ್ರಿಕ್ಟ್ ಟ್ರಂಪ್‌ಗೆ ಲೀಡ್ ಕೊಟ್ರೂ ಇವರು ಮತ್ತೆ ಗೆದ್ರು. ಗಂಡನ ಜೊತೆ ಕಾರ್ ರಿಪೇರಿ ಗ್ಯಾರೇಜ್ ನಡೆಸಿದೋರು, ಮನೆ ಇರೋದು ಸ್ಕಮೇನಿಯಾ ಕೌಂಟಿಲಿ, ಆ ಕೌಂಟಿಯ ಬಹುಪಾಲು ನ್ಯಾಷನಲ್ ಫಾರೆಸ್ಟೇ.

ಅವರ ಆದ್ಯತೆ ಅರ್ಥ ಆಗ್ಬೇಕು ಅಂದ್ರೆ ಪಾರ್ಟಿ ನೋಡಬೇಡಿ, ಗ್ಯಾರೇಜಿಂದ ಶುರು ಮಾಡಿ. ನಮ್ಮಪ್ಪ ಅರಕಲಗೂಡಲ್ಲಿ ಟಿಲ್ಲರ್ ಕೆಟ್ರೆ ತೆಂಗಿನ ಮರದ ನೆರಳಲ್ಲಿ ಗೋಣಿಚೀಲ ಹಾಸಿ, ಒಂದೊಂದೇ ನಟ್ಟು ಬಿಚ್ಚಿ ಸಾಲಾಗಿ ಜೋಡಿಸಿಟ್ಕೊಂಡು, ಸಾಯಂಕಾಲದೊಳಗೆ ಸ್ಟಾರ್ಟ್ ಮಾಡ್ತಿದ್ರು. ಇಲ್ಲಿನ ರೈತನಿಗೆ ಆ ಅವಕಾಶಾನೇ ಕಮ್ಮಿ, ಹೊಸ ಟ್ರಾಕ್ಟರಲ್ಲಿ ಸಾಫ್ಟ್‌ವೇರ್ ಲಾಕ್, ಡೀಲರ್ ಲ್ಯಾಪ್‌ಟಾಪ್ ತಂದು ಚುಚ್ಚಿದ್ರೇ ಕೆಲವು ಎರರ್ ಹೋಗೋದು. ಈ ವಿಷಯಕ್ಕೇ 2025ರ ಜನವರಿಲಿ ಗ್ರಾಹಕರ ಹಿತ ನೋಡೋ ಕೇಂದ್ರ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್, ಟ್ರಾಕ್ಟರ್ ಕಂಪನಿ ಜಾನ್ ಡಿಯರ್ ಮೇಲೆ ಕೇಸ್ ಹಾಕ್ತು. ಕೊಂಡವನಿಗೆ ರಿಪೇರಿ ಮಾಡ್ಕೊಳೋ ಹಕ್ಕು ಇರ್ಬೇಕು ಅನ್ನೋದು ಈಕೆ ಬಿಡದೆ ಹಿಡಿದಿರೋ ವಿಷಯ. ನನಗೆ ಇವರ ಮೇಲೆ ಗೌರವ ಬಂದಿದ್ದೂ ಇದರಿಂದಾನೇ.

ಇನ್ನೊಂದು ಬಾಳೆಹಣ್ಣಿನ ಕಥೆ. ಡೇಕೇರಲ್ಲಿ ಮಕ್ಕಳಿಗೆ ಚಿಪ್ಸ್ ಪ್ಯಾಕೆಟ್ ಒಡೆದು ಕೊಡಬಹುದು, ಬಾಳೆಹಣ್ಣು ಸುಲಿದು ಕೊಟ್ರೆ ಅದು ಅಡುಗೆ ತಯಾರಿ ಲೆಕ್ಕ, ಅದಕ್ಕೆ ಎಕ್ಸ್‌ಟ್ರಾ ಸಿಂಕ್ ಬೇಕು ಅಂತ ಅಲ್ಲಿನೋರು ಹೇಳಿದ್ರಂತೆ. ಇವರು ಅದನ್ನ ಹಿಡ್ಕೊಂಡು ಬಿಲ್ಲೇ ತಂದ್ರು.

ಸ್ವಂತ ಪಾರ್ಟಿಗೆ ಎದುರಾಗಿ ವೋಟ್ ಹಾಕಿದ್ದೂ ಉಂಟು. 2023ರಲ್ಲಿ ಬೈಡನ್ ಅವರ ಸ್ಟೂಡೆಂಟ್ ಲೋನ್ ಮನ್ನಾ ರದ್ದು ಮಾಡೋಕೆ ವೋಟ್ ಹಾಕಿದ ಇಬ್ಬರೇ ಡೆಮಾಕ್ರಾಟರಲ್ಲಿ ಇವರೊಬ್ಬರು, ಕಾಲೇಜಿಗೆ ಹೋಗದೆ ಕೈಕೆಲಸ ಕಲಿತೋರಿಗೂ ಸಹಾಯ ಸಿಗ್ಬೇಕು ಅನ್ನೋದು ಅವರ ವಾದ. 2025ರಲ್ಲಿ ವೋಟರ್ ರಿಜಿಸ್ಟ್ರೇಷನ್‌ಗೆ ಪೌರತ್ವದ ದಾಖಲೆ ಕೇಳೋ ಸೇವ್ ಆಕ್ಟ್‌ಗೂ ಹೂಂ ಅಂದ್ರು. ಇದು ನನಗೆ ಸರಿ ಕಾಣ್ಲಿಲ್ಲ, ಹೊಸದಾಗಿ ಸಿಟಿಜನ್ ಆದ ನಮ್ಮಂಥೋರಿಗೆ ಅದು ಇನ್ನೊಂದು ಅಲೆದಾಟ.

ಈಗ ನಿಮಗೆ ಬೇಕಾದ ಮಾತು. ನೀವು ಎಚ್1ಬಿ ಆಗಿರಿ, ಗ್ರೀನ್ ಕಾರ್ಡ್ ಆಗಿರಿ, ಮನೆ ಈ ಡಿಸ್ಟ್ರಿಕ್ಟಲ್ಲಿ ಇದ್ರೆ ಸಾಕು, ಇವರ ಆಫೀಸಿಂದ ಸಹಾಯ ಕೇಳ್ಬಹುದು. ವೋಟ್ ಇಲ್ಲ ಅಂತ ಸುಮ್ನೆ ಕೂರ್ಬೇಡಿ. ಇಮಿಗ್ರೇಷನ್ ಅರ್ಜಿ ಮಾಮೂಲಿ ಅವಧಿ ದಾಟಿ ಕೂತಿದ್ರೆ, ಪಾಸ್‌ಪೋರ್ಟ್ ಅರ್ಜೆಂಟ್ ಇದ್ರೆ, ಐಆರ್‌ಎಸ್ (ಟ್ಯಾಕ್ಸ್ ಇಲಾಖೆ) ರಿಫಂಡ್ ಬರದಿದ್ರೆ, ಫೋನ್ ಮಾಡಿ ಕೇಸ್‌ವರ್ಕರ್ (ಇಂಥ ಅರ್ಜಿ ನೋಡ್ಕೊಳೋ ಆಫೀಸ್ ಸಿಬ್ಬಂದಿ) ಬೇಕು ಅನ್ನಿ. ಪ್ರೈವಸಿ ರಿಲೀಸ್ ಫಾರಂ ಕಳಿಸ್ತಾರೆ, ಅದಿಲ್ದೆ ಇಲಾಖೆ ಅವರ ಹತ್ರ ನಿಮ್ಮ ಫೈಲ್ ಬಗ್ಗೆ ಬಾಯೇ ಬಿಡಲ್ಲ, ಸೈನ್ ಮಾಡಿ ರಿಸೀಟ್ ನಂಬರ್ ಸರಿಯಾಗಿ ಬರೀರಿ, ಏನಾಯ್ತು, ಯಾವಾಗಿಂದ ತಡ ಅನ್ನೋದನ್ನ ಅರ್ಧ ಪುಟದಲ್ಲಿ ಹೇಳಿ. ಅವರು ವಿಚಾರಿಸ್ತಾರೆ ಅಷ್ಟೇ, ವೀಸಾ ರಿಜೆಕ್ಟ್ ಆಗಿದ್ದನ್ನ ತಿರುಗಿಸಕ್ಕೆ ಆಗಲ್ಲ. ಡ್ರೈವಿಂಗ್ ಲೈಸೆನ್ಸ್ ಥರದ್ದು ರಾಜ್ಯ ಸರ್ಕಾರದ ವಿಷಯ, ಅದಕ್ಕೆ ಸ್ಟೇಟ್ ಸೆನೆಟರ್ ಹತ್ರ ಹೋಗ್ಬೇಕು.

ಹಾಂ, ಲೈಸೆನ್ಸ್ ಅಂದ್ರೆ ನೆನಪಾಯ್ತು, ಲೈಸೆನ್ಸ್ ಆಫೀಸಲ್ಲಿ ವೋಟರ್ ರಿಜಿಸ್ಟ್ರೇಷನ್ ಬಗ್ಗೆ ಕೇಳಿದ್ರೆ ಸಿಟಿಜನ್ ಅಲ್ಲದೋರು ದಯವಿಟ್ಟು ಬೇಡ ಅನ್ನಿ, ತಪ್ಪಿ ಹೂಂ ಅಂದ್ರೂ ಮುಂದೆ ಗ್ರೀನ್ ಕಾರ್ಡಿಗೇ ಕುತ್ತು ಬರಬಹುದು.

ಫೋನ್ ಮಾಡುವಾಗ ಹಿಂಜರಿಬೇಡಿ. ಮೊದಲು ವಿಳಾಸ, ಜಿಪ್ ಕೋಡ್ ಕೇಳ್ತಾರೆ, ಅದನ್ನ ಹೇಳಿ ವಿಷಯಕ್ಕೆ ಬನ್ನಿ.